ಗುರುವಿಗೊಂದು ದೊಡ್ಡಕ್ಷರ

ಹೊಳೆನರಸೀಪುರದ ಒಂದು ಪುಟ್ಟ ಅಚ್ಚುಕೂಟದಲ್ಲಿ ನಾನು ಹನ್ನೊಂದು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದ್ದೇನೆ. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದಾಗ, ಅಪ್ಪನಿಗೆ ಪರಿಚಯವಿದ್ದ ಅಚ್ಚುಕೂಟದ ಯಜಮಾನರು, "ಉಡ್ಗಿ ಕೈ ಚುರುಕಾಗೈತೆ, ಕಳ್ಸು" ಅಂದರು. ಹಾಗೆ ಇಂಗ್ಲಿಷಿನಲ್ಲಿ ಫೇಲಾದವಳಿಗೆ ಇಂಗ್ಲಿಷ್ ಮೊಳೆಗಳನ್ನೂ ಜೋಡಿಸುವ ಕೆಲಸ ಸಿಕ್ಕಿತು. ಅರ್ಥ ತಿಳಿಯದಿದ್ದರೂ ಅಕ್ಷರ ತಪ್ಪದಂತೆ ಜೋಡಿಸುವುದು ಕೆಲವೇ ತಿಂಗಳಲ್ಲಿ ಕೈಗೆ ಬಂತು. ಮದುವೆ ಪತ್ರ, ಗೃಹಪ್ರವೇಶದ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಚುನಾವಣೆಯ ಕರಪತ್ರ, ಎಲ್ಲವೂ ನನ್ನ ಬೆರಳುಗಳ ಮೂಲಕವೇ ಹೋಗುತ್ತಿದ್ದವು. "ನಮ್ಮುಡ್ಗಿ ಜೋಡ್ಸಿದ್ರಲ್ಲಿ ತಪ್ ಹುಡುಕ್ಬುಡಿ ನೋಡಾನ" ಎಂದು ಯಜಮಾನರು ಗಿರಾಕಿಗಳಿಗೆ ಸವಾಲು ಹಾಕುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಕೆಲಸ ಮಾಡುವವಳ ಹಾಗೆ ಕಾಣುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ನಾನು ಹೇಳಹೊರಟಿರುವುದು ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾದಾಗ ನಡೆದದ್ದು. ಹಾಸನದಲ್ಲಿ ಅಷ್ಟು ಹೊತ್ತಿಗೆ ಕಂಪ್ಯೂಟರಿನಲ್ಲಿ ಅಕ್ಷರ ಮಾಡಿ ಆಫ್‌ಸೆಟ್ಟಿನಲ್ಲಿ ಮುದ್ರಿಸುತ್ತಿದ್ದರು. ನಮ್ಮಲ್ಲಿ ಮಾತ್ರ ಇನ್ನೂ ಸೀಸದ ಮೊಳೆ, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ.

ಒಂದು ಬೆಳಿಗ್ಗೆ ಅರಕಲಗೂಡಿನಿಂದ ಪಿಟೀಲು ಮೇಷ್ಟ್ರು ಬಂದರು. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಮನೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದರು. ನಮ್ಮ ಯಜಮಾನರು ನಾಲ್ಕನೇ ಕ್ಲಾಸಿನಲ್ಲಿ ಅವರ ಕೈಯಲ್ಲಿ ಪೆಟ್ಟು ತಿಂದವರು. ಹಾಗಾಗಿ ಮೇಷ್ಟ್ರ ಮನೆಯ ಯಾವ ಪತ್ರವಿದ್ದರೂ ನಮ್ಮಲ್ಲೇ ಅಚ್ಚಾಗಬೇಕು. ಈ ಸಲ ಅವರ ಗುರುಗಳು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ರುದ್ರಪಟ್ಟಣದಲ್ಲಿ ಕೂತು ಕಲಿತು, ಆಮೇಲೆ ಈ ಕಡೆಯ ಹಳ್ಳಿಗಳಲ್ಲೆಲ್ಲ ಪಾಠ ಹೇಳಿದ ವಿದ್ವಾಂಸರು ಅವರು. ಅರಕಲಗೂಡಿನ ಒಂದು ಛತ್ರದಲ್ಲಿ ಭಾನುವಾರ ಇಡೀ ದಿನ ಶಿಷ್ಯರೆಲ್ಲ ಸೇರಿ ನುಡಿಸುವುದೆಂದು ಗೊತ್ತಾಗಿತ್ತು.

ಆಮಂತ್ರಣದ ಒಕ್ಕಣೆ ಕೊಟ್ಟ ಮೇಲೆ ಮೇಷ್ಟ್ರು ಜೇಬಿನಿಂದ ಇನ್ನೊಂದು ಚೀಟಿ ತೆಗೆದರು. "ಇದನ್ನ ಕೆಳಗಡೆ ಹಾಕಮ್ಮ. ಚನ್ನರಾಯಪಟ್ಟಣದಲ್ಲಿ ನನ್ನ ಶಿಷ್ಯೆ ಒಬ್ಬಳಿದಾಳೆ, ಕಾಲೇಜಲ್ಲಿ ಕಂಪ್ಯೂಟರ್ ಪಾಠ ಹೇಳ್ತಾಳೆ. ಗುರುಗಳ ಫೋಟೋ, ಅವರು ನುಡಿಸಿದ್ದು, ಎಲ್ಲಾ ಅದೆಂಥದೋ ವೆಬ್‌ಸೈಟಿಗೆ ಹಾಕಿದಾಳಂತೆ. ಇದು ಅದರ ವಿಳಾಸ."

ಚೀಟಿಯಲ್ಲಿ ಒಂದು ಉದ್ದನೆಯ ಸಾಲಿತ್ತು. ಎಲ್ಲವೂ ಸಣ್ಣ ಇಂಗ್ಲಿಷ್ ಅಕ್ಷರ, ಎಲ್ಲೂ ಜಾಗ ಬಿಟ್ಟಿರಲಿಲ್ಲ. ಮೊದಲು ಎಚ್‌ಟಿಟಿಪಿ, ಆಮೇಲೆ ಒಂದರ ಮೇಲೊಂದು ಎರಡು ಚುಕ್ಕಿ, ಎರಡು ಓರೆಗೆರೆ, ಮೂರು ಡಬ್ಲ್ಯು, ಚುಕ್ಕಿ, ಯಾವುದೋ ಕಂಪನಿಯ ಹೆಸರು, ಚುಕ್ಕಿ, ಕಾಮ್, ಮತ್ತೊಂದು ಓರೆಗೆರೆ, ಪಿಟೀಲು, ಇನ್ನೊಂದು ಓರೆಗೆರೆ, ಕೊನೆಗೆ ಗುರುಸ್ಮರಣೆ.

"ಇದೇನ್ ಸಾ, ಗೆರೆ ಮೇಲೆ ಗೆರೆ?" ಅಂದೆ.

"ನನಗೇನಮ್ಮ ಗೊತ್ತು? ಅವಳು ಬರೆದಿದ್ದು. ಇದ್ದ ಹಾಗೇ ಹಾಕು ಅಂದಿದಾಳೆ."

ಇದ್ದ ಹಾಗೇ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾರ್ಡಿನ ಅಗಲಕ್ಕೆ ಆ ಸಾಲು ಹಿಡಿಯಲಿಲ್ಲ. ಗುರು ಎನ್ನುವಲ್ಲಿಗೆ ಸಾಲು ಮುಗಿಯಿತು. ಇಂಗ್ಲಿಷ್ ಪದ ಮುರಿದರೆ ಸಾಲಿನ ಕೊನೆಗೊಂದು ಅಡ್ಡಗೆರೆ ಹಾಕಬೇಕೆಂದು ಯಜಮಾನರು ನನಗೆ ಮೊದಲ ವಾರದಲ್ಲೇ ಕಲಿಸಿದ್ದರು. ಹಾಕಿದೆ. ಸ್ಮರಣೆ ಕೆಳಗಿನ ಸಾಲಿಗೆ ಹೋಯಿತು. ಸಾಲು ಮುಗಿದ ಮೇಲೆ ಪೂರ್ಣವಿರಾಮ ಬೇಡವೇ? ಅದನ್ನೂ ಇಟ್ಟೆ. ಆಮೇಲೆ ಒಂದು ಸಲ ದೂರದಿಂದ ನೋಡಿದೆ. ಗುರು ಅನ್ನುವ ಪದ ಸಣ್ಣ ಜಿ ಇಟ್ಟುಕೊಂಡು ಬಡವಾಗಿ ಕೂತಿತ್ತು. ತೀರಿಹೋದ ಹಿರಿಯರು, ಇಷ್ಟು ಜನಕ್ಕೆ ವಿದ್ಯೆ ಕೊಟ್ಟವರು. ಆ ಕಾಲೇಜಿನ ಮೇಡಂ ಅವಸರದಲ್ಲಿ ಬರೆದಿರಬೇಕು ಅಂದುಕೊಂಡು ಸಣ್ಣ ಜಿ ಕಿತ್ತು ದೊಡ್ಡ ಜಿ ಕೂರಿಸಿದೆ. ಕಾರ್ಡಿಗೆ ಒಂದು ಕಳೆ ಬಂತು ಅನಿಸಿತು.

ಮೇಷ್ಟ್ರು ಪ್ರೂಫನ್ನು ಐದು ಸಲ ಓದಿದರು. ನುಡಿಸುವವರ ಹೆಸರಿನ ಹಿಂದೆ ವಿದ್ವಾನ್ ಇದೆಯೇ, ವಿದುಷಿ ಇದೆಯೇ ಎಂದು ಬೆರಳಿಟ್ಟು ನೋಡಿದರು. ಕೆಳಗಿನ ಎರಡು ಸಾಲಿಗೆ ಬಂದಾಗ ಕನ್ನಡಕ ತೆಗೆದು, "ಇದು ಸರಿಯಾಗೇ ಇರುತ್ತೆ ಬಿಡು" ಅಂದರು. ಅಚ್ಚಾಯಿತು, ಅಂಚೆಗೂ ಹೋಯಿತು. ಕೆಲಸ ಮುಗಿಯಿತೆಂದು ನಾನು ಮೊಳೆಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಅವುಗಳ ಮನೆಗಳಿಗೆ ವಾಪಸು ಹಾಕಿದೆ.

ಒಂದು ವಾರ ಕಳೆಯಿತು. ಮೇಷ್ಟ್ರು ಮತ್ತೆ ಬಂದರು. ಸಿಟ್ಟಾಗಿರಲಿಲ್ಲ, ಪೆಚ್ಚಾಗಿದ್ದರು.

"ಮೂರು ಜನ ಫೋನ್ ಮಾಡಿದ್ರಪ್ಪ. ಹಾಸನದೋರೊಬ್ರು, ಮೈಸೂರಿನೋರಿಬ್ರು. ಕಂಪ್ಯೂಟರಲ್ಲಿ ಹಾಕಿದ್ರೆ ಆ ಪುಟ ಸಿಗಲಿಲ್ಲ ಅಂತ ಬರುತ್ತಂತೆ. ಶಿಷ್ಯೆಗೆ ಫೋನ್ ಮಾಡಿದೆ. ನನ್ನ ಹತ್ರ ಸರಿಯಾಗೇ ಬರ್ತಿದೆ ಮೇಷ್ಟ್ರೇ ಅಂತಾಳೆ. ಅವಳಿಗೆ ಕಾರ್ಡು ಕೈಯಾರೆ ಕೊಡೋಣ ಅಂತ ಅಂಚೆಗೆ ಹಾಕಿರಲಿಲ್ಲ. ನಾಳೆ ಹಾಸನಕ್ಕೆ ಬರ್ತಾಳೆ, ಕಾರ್ಡು ತಗೊಂಡು ಬನ್ನಿ ಅಂದಿದಾಳೆ."

ಯಜಮಾನರು ಒಂದೇ ಸಲಕ್ಕೆ ತೀರ್ಪು ಕೊಟ್ಟರು. "ನಮ್ಮುಡ್ಗಿ ತಪ್ ಮಾಡಲ್ಲ ಸಾ. ಕಂಪ್ಯೂಟರ್ದೇ ಏನೋ ಐಬು."

ನನಗೆ ಮಾತ್ರ ದೊಡ್ಡ ಜಿ ನೆನಪಾಯಿತು. ಒಂದು ಅಕ್ಷರ ಗೌರವದಿಂದ ದೊಡ್ಡದು ಮಾಡಿದರೆ ಏನಾಗುತ್ತದೆ, ಕಾಗದದ ಮೇಲೆ ಹಾಗೆ ಬರೆದರೆ ಪೋಸ್ಟ್‌ಮನ್ ತಂದುಕೊಡುವುದಿಲ್ಲವೇ ಎಂದು ನನಗೆ ನಾನೇ ವಾದ ಮಾಡಿಕೊಂಡೆ.

"ನೀನೂ ಓಗಿ ನೋಡ್ಕಂಡ್ ಬಾ" ಅಂದರು ಯಜಮಾನರು. "ನಮ್ದೇ ತಪ್ಪಿದ್ರೆ ಇನ್ನೊಂದ್ಸಲ ಒಡ್ಕೊಡಾನ."

ಮಾರನೆಯ ದಿನ ಹಾಸನದ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯ ಮೇಲಿದ್ದ ಬ್ರೌಸಿಂಗ್ ಸೆಂಟರಿಗೆ ಮೇಷ್ಟ್ರ ಹಿಂದೆ ಹತ್ತಿದೆ. ಹಲಗೆಯಲ್ಲಿ ಅಡ್ಡಮಾಡಿದ ಪುಟ್ಟ ಪುಟ್ಟ ಗೂಡುಗಳು, ಒಂದೊಂದರಲ್ಲೂ ಒಂದೊಂದು ಕಂಪ್ಯೂಟರು. ಮೇಡಂ ಆಗಲೇ ಬಂದು ಒಂದು ಗೂಡಿನಲ್ಲಿ ಕೂತಿದ್ದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬೇಕು. ನೂಲಿನ ಸೀರೆ, ಎಡಗೈ ಬೆರಳ ತುದಿಗಳಲ್ಲಿ ಪಿಟೀಲಿನ ತಂತಿ ಒತ್ತಿ ಒತ್ತಿ ಗಟ್ಟಿಯಾದ ಗೆರೆ. ಮೇಷ್ಟ್ರಿಗೆ ಕುರ್ಚಿ ಬಿಟ್ಟುಕೊಟ್ಟು ಇನ್ನೊಂದನ್ನು ಎಳೆದುಕೊಂಡರು. ನಾನು ಹಿಂದೆ ನಿಂತೆ.

ಮೇಡಂ ಕಾರ್ಡನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಇದ್ದದ್ದನ್ನು ಒಂದೊಂದೇ ಅಕ್ಷರ ನೋಡಿ ಪರದೆಯ ಮೇಲಿನ ಉದ್ದ ಪಟ್ಟಿಯಲ್ಲಿ ಒತ್ತಿದರು. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿತು. ಬಿಳಿ ಹಾಳೆಯ ಮೇಲೆ ಪುಟ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು.

"ನೋಡಿದ್ಯಾ?" ಅಂದರು ಮೇಷ್ಟ್ರು.

"ನೋಡಿದೆ ಮೇಷ್ಟ್ರೇ. ಆದ್ರೆ ಸಿಗಲಿಲ್ಲ ಅಂತ ಈಗ ಹೇಳಿದ್ದು ಯಾರು ಹೇಳಿ?"

"ಇದೇ, ಈ ಕಂಪ್ಯೂಟರು."

"ಅಲ್ಲ. ಆ ಕಡೆಯ ಕಂಪ್ಯೂಟರು. ಎಲ್ಲಿ ನಮ್ಮ ಪುಟ ಇಟ್ಟಿದೀವೋ ಅದು. ಈಗ ನೋಡಿ." ಅವರು ಕಂಪನಿಯ ಹೆಸರಿನಲ್ಲಿ ಬೇಕೆಂದೇ ಒಂದು ಅಕ್ಷರ ತಪ್ಪಿಸಿ ಒತ್ತಿದರು. ಈ ಸಲ ಬೇರೆಯೇ ಥರದ ಹಾಳೆ ಬಂತು. "ಇದು ಹೇಳ್ತಿರೋದು ಬ್ರೌಸರ್, ಈ ಕಂಪ್ಯೂಟರೊಳಗೆ ಪುಟ ತಂದು ತೋರಿಸೋ ಪ್ರೋಗ್ರಾಮು. ಅಂಥ ಹೆಸರಿನ ಕಂಪ್ಯೂಟರೇ ಎಲ್ಲೂ ಇಲ್ಲ ಅಂತಿದೆ. ಮೊದಲನೇ ಸಲ ನಾವು ಮನೆ ಬಾಗಿಲಿಗೆ ಹೋಗಿದ್ವಿ. ಒಳಗಿನೋರು ನೀವು ಕೇಳಿದ್ದು ಇಲ್ಲಿಲ್ಲ ಅಂದ್ರು. ಎರಡನೇ ಸಲ ಮನೆಯೇ ಸಿಗಲಿಲ್ಲ."

ಮೇಷ್ಟ್ರಿಗೆ ಹುರುಪು ಬಂತು. ಪಾಠ ಹೇಳಿ ಅಭ್ಯಾಸವಿದ್ದವರಿಗೆ ಪಾಠ ಕೇಳುವುದೂ ಇಷ್ಟವೆಂದು ಕಾಣುತ್ತದೆ. "ಹಾಗಾದ್ರೆ ಈ ಉದ್ದ ಸಾಲಿನಲ್ಲಿ ಮನೆ ಯಾವುದು, ಒಳಗಿನದು ಯಾವುದು? ಬಿಡಿಸಿ ಹೇಳು."

ಮೇಡಂ ಪೆನ್ನು ತೆಗೆದು ಕಾರ್ಡಿನ ಮೇಲೇ ಕೆಳಗೆರೆ ಎಳೆದರು. ಮೊದಲಿನ ಎಚ್‌ಟಿಟಿಪಿ ಎಂದರೆ ಎರಡು ಕಂಪ್ಯೂಟರುಗಳು ಯಾವ ರೀತಿಯಲ್ಲಿ ಮಾತಾಡಬೇಕು ಎನ್ನುವ ಒಪ್ಪಂದ. ಆ ಎರಡು ಚುಕ್ಕಿ, ಎರಡು ಓರೆಗೆರೆ ಬಂದರೆ ಮಾತಿನ ರೀತಿ ಹೇಳಿ ಮುಗಿಯಿತು, ಇನ್ನು ಮುಂದೆ ಹೆಸರು ಬರುತ್ತದೆ ಎಂದು ಅರ್ಥ. ಅಲ್ಲಿಂದ ಮುಂದಿನ ಓರೆಗೆರೆಯವರೆಗೂ ಇರುವುದು ಕಂಪ್ಯೂಟರಿನ ಹೆಸರು.

"ಆ ಹೆಸರಿನೋರು ಎಲ್ಲಿದಾರೆ ಅಂತ ಬ್ರೌಸರ್‌ಗೂ ಗೊತ್ತಿರಲ್ಲ ಮೇಷ್ಟ್ರೇ. ಅದನ್ನ ಹೇಳೋಕೆ ಅಂತಲೇ ಬೇರೆ ಕಂಪ್ಯೂಟರ್‌ಗಳಿವೆ. ಅವನ್ನ ಕೇಳಿ ಒಂದು ನಂಬರ್ ತಗೊಳ್ಳುತ್ತೆ, ಆ ನಂಬರ್ ಹಿಡಿದು ಹೋಗುತ್ತೆ. ಹೆಸರನ್ನ ಮಾತ್ರ ಹಿಂದಿನಿಂದ ಓದ್ಕೋಬೇಕು. ಕಾಮ್ ಅನ್ನೋದು ದೊಡ್ಡ ಗುಂಪು, ಅದರೊಳಗೆ ಈ ಕಂಪನಿ, ಅದರೊಳಗೆ ಮೂರು ಡಬ್ಲ್ಯು ಅನ್ನೋ ಕಂಪ್ಯೂಟರು. ಆಮೇಲಿನ ಓರೆಗೆರೆಯಿಂದ ಆಚೆಗೆ ಮುಂದಿನಿಂದ ಓದಬೇಕು. ಪಿಟೀಲು ಅನ್ನೋ ಕಪಾಟು, ಅದರೊಳಗೆ ಗುರುಸ್ಮರಣೆ ಅನ್ನೋ ಖಾನೆ."

ಮೇಷ್ಟ್ರು ತೊಡೆ ತಟ್ಟಿದರು. "ಅಂದ್ರೆ ಅರ್ಧ ಇಂಗ್ಲಿಷಿನೋರ ಲಕೋಟೆ ಥರ. ಮನೆ ಮೊದಲು, ಊರು ಆಮೇಲೆ, ದೇಶ ಕೊನೆಗೆ. ಇನ್ನರ್ಧ ನಮ್ಮ ಪಹಣಿ ಥರ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಎರಡನ್ನೂ ಅಂಟಿಸಿ ಮಧ್ಯ ಒಂದು ಗೆರೆ ಎಳೆದಿದಾರೆ!"

ಮೇಡಂ ಜೋರಾಗಿ ನಕ್ಕರು. ಪಕ್ಕದ ಗೂಡಿನವರು ಎದ್ದು ನೋಡಿದರು.

ನನಗೆ ನಗು ಬರಲಿಲ್ಲ. ಕೊನೆಗೂ ಕೇಳಿದೆ. "ಮೇಡಂ, ಅಕ್ಷರ ದೊಡ್ಡದು ಆಕುದ್ರೆ ಏನಾರ ಆಯ್ತದಾ?"

ಅವರು ನನ್ನ ಕಡೆ ತಿರುಗಿದರು. ಆವರೆಗೆ ನಾನು ಯಾರೆಂದೇ ಅವರಿಗೆ ಗೊತ್ತಿರಲಿಲ್ಲ. "ಒಳ್ಳೇ ಪ್ರಶ್ನೆ. ಮಾಡೇ ನೋಡೋಣ" ಎಂದು ಕಂಪನಿಯ ಹೆಸರನ್ನೆಲ್ಲ ದೊಡ್ಡಕ್ಷರದಲ್ಲಿ ಒತ್ತಿದರು. ಕಂಪನಿಯ ಪುಟ ಸಲೀಸಾಗಿ ತೆರೆದುಕೊಂಡಿತು. ನನಗೆ ಉಸಿರು ಬಂದಂತಾಯಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಹೆಸರಿನ ಭಾಗದಲ್ಲಿ ದೊಡ್ಡದು ಸಣ್ಣದು ಎರಡೂ ಒಂದೇ" ಅಂದರು ಮೇಡಂ. "ಆದ್ರೆ ಗೆರೆ ದಾಟಿದ ಮೇಲಿನದಕ್ಕೆ ಬ್ರೌಸರ್ ಕೈ ಹಾಕೋದೇ ಇಲ್ಲ. ಅಕ್ಷರ ಹೇಗಿದೆಯೋ ಹಾಗೇ ಎತ್ತಿ ಆ ಕಡೆಯೋರ ಕೈಗೆ ಕೊಡುತ್ತೆ. ಅವರ ಲೆಕ್ಕದಲ್ಲಿ ದೊಡ್ಡ ಜಿ ಬೇರೆ ಅಕ್ಷರ, ಸಣ್ಣ ಜಿ ಬೇರೆ ಅಕ್ಷರ."

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಅಚ್ಚುಕೂಟದಲ್ಲೂ ದೊಡ್ಡ ಜಿ ಮೇಲಿನ ಪೆಟ್ಟಿಗೆಯ ಒಂದು ಮನೆಯಲ್ಲಿ, ಸಣ್ಣ ಜಿ ಕೆಳಗಿನ ಪೆಟ್ಟಿಗೆಯ ಇನ್ನೊಂದು ಮನೆಯಲ್ಲಿ. ಒಂದನ್ನು ಹುಡುಕಿ ಇನ್ನೊಂದರ ಮನೆಗೆ ಕೈ ಹಾಕಿದರೆ ಸಿಗುವುದಾದರೂ ಹೇಗೆ? ಓದುವವರ ಕಣ್ಣಿಗೆ ಎರಡೂ ಒಂದೇ ಅಕ್ಷರ. ಹುಡುಕುವ ಕೈಗೆ ಅಲ್ಲ.

"ಹಾಗಾದ್ರೆ ಈ ಅಡ್ಡಗೆರೆ?" ಎಂದು ಮೇಷ್ಟ್ರು ಕಾರ್ಡು ತೋರಿಸಿದರು.

"ಅದೂ ಒಂದು ಅಕ್ಷರವೇ. ಪದ ಮುರಿದಿದ್ದಕ್ಕೆ ಹಾಕಿದ್ದು ಅಂತ ನಮಗೆ ಗೊತ್ತು, ಅದಕ್ಕೆ ಹೇಗೆ ಗೊತ್ತಾಗಬೇಕು? ಕೊನೆಯ ಚುಕ್ಕಿಯೂ ಅಷ್ಟೇ. ನಾನು ಬರೆದಿದ್ದು ಗುರುಸ್ಮರಣೆ. ಕಾರ್ಡಿನಲ್ಲಿರೋ ಹೆಸರಿನ ಖಾನೆ ಅಲ್ಲಿ ಇಲ್ಲ. ಯಾರು ಮೇಷ್ಟ್ರೇ ಇದನ್ನ ಕಂಪೋಸ್ ಮಾಡಿದ್ದು?"

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ನೋಡಿದರು. ಹಾಗೆ ನೋಡಿದ್ದಕ್ಕೇ ನನಗೆ ಅಳು ಬಂದಂತಾಯಿತು. ಮಸಿ ಹತ್ತಿದ ಬೆರಳುಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹೇಳಿಬಿಟ್ಟೆ.

"ನಾನೇ ಮೇಡಂ. ಅಡ್ಡಗೆರೇನೂ ನಂದೇ, ಚುಕ್ಕೀನೂ ನಂದೇ. ನೀವು ಸಣ್ಣಕ್ಷರ ಬರ್ದಿದ್ರಿ. ಗುರುಗಳಲ್ವಾ, ಸಣ್ಣದಾಗಿ ಎಂಗೆ ಆಕಾದು ಅಂತ ನಾನೇ ದೊಡ್ಡದು ಮಾಡ್ಬುಟ್ಟೆ."

ಮೇಷ್ಟ್ರು ಮೆಲ್ಲಗೆ ಅಂದರು: "ನಾನು ಐದು ಸಲ ಓದಿದೆ. ನನಗೂ ಹಾಗೇ ಸರಿ ಅನ್ನಿಸಿತ್ತು ಕಣಮ್ಮ."

ಮೇಡಂ ಬೈಯುತ್ತಾರೆಂದು ಕಾದೆ. ಅವರು ಕಾರ್ಡನ್ನು ಕೈಯಲ್ಲಿ ಹಿಡಿದು ಆ ಸಾಲನ್ನೇ ನೋಡುತ್ತಿದ್ದರು. "ಚೆನ್ನಾಗೇ ಕಾಣುತ್ತೆ ಅನ್ನಿ" ಅಂದರು. "ಇರಲಿ, ಈಗ ಏನು ಮಾಡೋದು? ಎಲ್ಲರಿಗೂ ಮತ್ತೆ ಪತ್ರ ಹಾಕೋಕೆ ಸಮಯವಿಲ್ಲ. ಭಾನುವಾರಕ್ಕೆ ಇನ್ನು ಐದೇ ದಿನ."

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಅದು ಜಾಣತನವೆಂದು ಆಗ ಅನಿಸಿರಲಿಲ್ಲ. ಅಚ್ಚುಕೂಟದಲ್ಲಿ ದಿನವೂ ಮಾಡುತ್ತಿದ್ದ ಯೋಚನೆ ಅದು. ಅಚ್ಚಾಗಿ ಹೋದ ಕಾಗದವನ್ನು ತಿದ್ದಲಾಗುವುದಿಲ್ಲ, ಮೊಳೆಯನ್ನು ಮಾತ್ರ ಯಾವಾಗ ಬೇಕಾದರೂ ಬದಲಾಯಿಸಬಹುದು.

"ಮೇಡಂ, ಕಾರ್ಡು ನಮ್ ಕೈ ಬಿಟ್ಟೋಯ್ತು. ಆ ಕಡೆ ಖಾನೆ ನಿಮ್ದೇ ಅಲ್ವಾ? ಅದಕ್ಕೇ ನಮ್ ಕಾರ್ಡಲ್ಲಿರಂಗೆ ಎಸ್ರಿಡಕ್ಕೆ ಆಗಲ್ವಾ? ದೊಡ್ಡ ಜಿ, ಅಡ್ಡಗೆರೆ, ಎಲ್ಲಾ ಸೇರ್ಸಿ?"

ಮೇಡಂ ಕುರ್ಚಿಯನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿದರು. "ಅಯ್ಯೋ ನನ್ನ!" ಎಂದು ಹಣೆ ಬಡಿದುಕೊಂಡರು. "ಕಾಲೇಜಲ್ಲಿ ಪಾಠ ಹೇಳೋಳು ನಾನು. ಇದು ನನಗೆ ಹೊಳೀಲಿಲ್ಲವಲ್ಲ!"

ಅಲ್ಲಿಂದ ಮುಂದಿನ ಅರ್ಧ ಗಂಟೆ ಮೂರು ಜನವೂ ಆ ಗೂಡಿನೊಳಗೆ ತಲೆಗೆ ತಲೆ ತಾಗಿಸಿ ಕೂತಿದ್ದೆವು. ನನಗೂ ಒಂದು ಸ್ಟೂಲು ಸಿಕ್ಕಿತು. ಮೇಡಂ ತಮ್ಮ ಗುಟ್ಟಿನ ಪದ ಒತ್ತಿ ಒಳಗೆ ಹೋದರು, ಹಳೆಯ ಖಾನೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಅದರಲ್ಲಿದ್ದದ್ದೆಲ್ಲ ಇರುವ ಹೊಸದೊಂದನ್ನು ಮಾಡಿದರು. ಅದಕ್ಕೆ ಹೆಸರಿಡುವಾಗ "ನೀವೇ ಹೇಳಿ" ಅಂದರು. ನಾನು ಕಾರ್ಡು ಹಿಡಿದು ಒಂದೊಂದೇ ಅಕ್ಷರ ಹೇಳಿದೆ. ದೊಡ್ಡ ಜಿ, ಯು, ಆರ್, ಯು, ಅಡ್ಡಗೆರೆ. ಜೀವನದಲ್ಲಿ ಒಂದು ತಪ್ಪನ್ನು ಅಷ್ಟು ಎಚ್ಚರದಿಂದ ಮತ್ತೆ ಮಾಡಿದ್ದು ಅದೇ ಮೊದಲು. ಕೊನೆಯ ಪೂರ್ಣವಿರಾಮವನ್ನೂ ಸೇರಿಸಿದ ಇನ್ನೊಂದು ಖಾನೆ ಮಾಡೋಣವೆಂದು ನೋಡಿದರೆ ಆ ಸೈಟು ಒಪ್ಪಲಿಲ್ಲ. ಹೆಸರು ಚುಕ್ಕಿಯಲ್ಲಿ ಮುಗಿಯಕೂಡದಂತೆ. "ಹೋಗಲಿ, ಚುಕ್ಕಿ ಯಾರು ಒತ್ತುತ್ತಾರೆ" ಅಂದರು ಮೇಡಂ.

ಆಮೇಲೆ ಮೇಲಿನ ಪಟ್ಟಿಯಲ್ಲಿ ಕಾರ್ಡಿನ ವಿಳಾಸವನ್ನು ನನ್ನ ಕೈಯಲ್ಲೇ ಒತ್ತಿಸಿದರು. ಒಂದೇ ಬೆರಳಿನಲ್ಲಿ ಒತ್ತಿದೆ. ಫೋನ್ ತಂತಿಯ ಇಂಟರ್‌ನೆಟ್ಟು ಆಗ ಬಲು ನಿಧಾನ. ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಮೊದಲು ಜರಿಯ ಪೇಟ, ಆಮೇಲೆ ಅಗಲವಾದ ಹಣೆ, ಕಣ್ಣು, ಮೀಸೆ. ಎದೆಗೊತ್ತಿದ ಪಿಟೀಲು ಕಾಣಿಸುವ ಹೊತ್ತಿಗೆ ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತಿದ್ದರು. ಗುರುಗಳ ಎದುರು ಕೂತಿರಲು ಅವರಿಂದ ಆಗಲಿಲ್ಲವೆಂದು ಕಾಣುತ್ತದೆ. ನುಡಿಸಿದ್ದನ್ನು ಕೇಳೋಣವೆಂದು ಒತ್ತಿದರೆ, ಅಷ್ಟು ಹೊತ್ತು ಕಾದ ಮೇಲೆ ಒಂದೇ ಒಂದು ಎಳೆ ಸ್ವರ ಕೇಳಿಸಿ ನಿಂತುಹೋಯಿತು. ಅಷ್ಟಕ್ಕೇ ಮೇಷ್ಟ್ರು "ಕಲ್ಯಾಣಿ ರಾಗ" ಅಂದುಬಿಟ್ಟರು.

ಭಾನುವಾರ ಅರಕಲಗೂಡಿನ ಛತ್ರಕ್ಕೆ ಯಜಮಾನರ ಜೊತೆ ನಾನೂ ಹೋದೆ. ಮೇಷ್ಟ್ರು ನಮಗಾಗಿ ಮುಂದಿನ ಸಾಲಿನಲ್ಲೇ ಜಾಗ ಇಟ್ಟಿದ್ದರು. ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಬಂದವರೆಲ್ಲ ಮೇಡಂ ಸುತ್ತ ಸೇರಿ, ಹಾಸನದಲ್ಲಿ ನೋಡಿದೆ, ಮೈಸೂರಿನಲ್ಲಿ ನೋಡಿದೆ, ಎಷ್ಟು ಚೆನ್ನಾಗಿದೆ ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಹಿರಿಯರು ಬಂದರು. ನಿವೃತ್ತ ಹೆಡ್‌ಮಾಸ್ಟರಂತೆ.

"ನನಗೆ ಸಿಗಲಿಲ್ಲ" ಅಂದರು ಖಡಾಖಂಡಿತವಾಗಿ. "ಮೊಮ್ಮಗಳನ್ನ ಕೂರಿಸ್ಕೊಂಡು ಅಕ್ಷರ ಅಕ್ಷರ ಹೇಳಿ ಒತ್ತಿಸಿದೆ. ನಾಲ್ಕು ಸಲ."

ಮೇಡಂ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಕೊನೆಗೆ ಪೂರ್ಣವಿರಾಮ ಒತ್ತಿಸಿದ್ರಾ ಸರ್?" ಅಂದರು ಮೇಡಂ.

"ಒತ್ತಿಸದೆ? ಕಾರ್ಡಿನಲ್ಲಿ ಇದೆಯಲ್ಲ! ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದೋನು."

ನಮ್ಮ ಯಜಮಾನರಿಗೆ ಇಷ್ಟು ಹೊತ್ತಿಗೆ ಕಥೆಯೆಲ್ಲ ಗೊತ್ತಿತ್ತು. ಅವರು ಕೈ ಮುಗಿದು ಮುಂದೆ ಬಂದರು. "ಸಾ, ನೀವೊಬ್ರೇ ಸಾ ನಮ್ ಕಾರ್ಡು ಪೂರ್ತಿ ಓದ್ದೋರು. ಬನ್ನಿ, ಊಟಕ್ಕೇಳಿ." ಹಿರಿಯರಿಗೆ ಅದು ಹೊಗಳಿಕೆಯಂತೆ ಕೇಳಿಸಿರಬೇಕು. ನನ್ನ ಪಕ್ಕದ ಎಲೆಯಲ್ಲೇ ಕೂತು, ಪಾಯಸ ಎರಡು ಸಲ ಹಾಕಿಸಿಕೊಂಡರು. ಆ ಚುಕ್ಕಿ ಯಾರದೆಂದು ಅವರಿಗೆ ನಾನು ಹೇಳಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಮೇಡಂ ಹತ್ತಿರ ಬಂದು, "ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಲ್ಯಾಬಲ್ಲಿ ಕ್ಲಾಸಿರಲ್ಲ. ಚನ್ನರಾಯಪಟ್ಟಣಕ್ಕೆ ಬರ್ತೀರಾ? ಪುಟ ಮಾಡೋದು ಕಲಿಸ್ತೀನಿ" ಅಂದರು.

"ಇಂಗ್ಲಿಷಲ್ಲಿ ಫೇಲು ಮೇಡಂ ನಾನು."

"ಅದನ್ನೇನೂ ಯಾರೂ ಕೇಳಲ್ಲ. ಅಕ್ಷರ ಅಕ್ಷರ ನೋಡಿ ಜೋಡಿಸೋ ತಾಳ್ಮೆ ಇದ್ದರೆ ಸಾಕು."

ಯಜಮಾನರು ಶನಿವಾರ ಅರ್ಧ ದಿನ ಬಿಟ್ಟುಕೊಟ್ಟರು. ಮೊದಲ ಶನಿವಾರ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗ, ಕಾಲೇಜಿಗೆ ಆಗಷ್ಟೇ ಸೇರಿದ್ದ ಇಬ್ಬರು ಹುಡುಗಿಯರು ಕೀಬೋರ್ಡ್ ಮುಂದೆ ಕೂತು ಗೊಣಗುತ್ತಿದ್ದರು. ಎ ಪಕ್ಕ ಬಿ ಇಲ್ಲ, ಬಿ ಪಕ್ಕ ಸಿ ಇಲ್ಲ, ಯಾವನು ಹೀಗೆ ಮಾಡಿದ ಎಂದು ಅವರ ದೂರು. ನಾನು ನೋಡಿದೆ. ನಮ್ಮ ಮೊಳೆಯ ಪೆಟ್ಟಿಗೆಯಲ್ಲೂ ಎ ಪಕ್ಕ ಬಿ ಇರುವುದಿಲ್ಲ. ಹೆಚ್ಚು ಬೇಕಾದ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ಮೂಲೆಗೆ. ಆ ಮನೆಗಳನ್ನು ಕಣ್ಣು ಮುಚ್ಚಿ ಕಲಿತವಳಿಗೆ ಇವು ಎಷ್ಟು ದಿನದ ಮಾತು?

"ಎಲ್ಲಿಂದ ಶುರು ಮಾಡಾನ ಮೇಡಂ?" ಅಂದೆ.

ಮೇಡಂ ಕುರ್ಚಿ ಎಳೆದುಕೊಟ್ಟರು. "ಮೊದಲು ನಿಮ್ಮ ಹೆಸರಿನ ಒಂದು ಖಾನೆ ಮಾಡಿ. ದೊಡ್ಡಕ್ಷರವೋ ಸಣ್ಣಕ್ಷರವೋ, ಅದು ನಿಮ್ಮಿಷ್ಟ."